ಅಂಕ, ಗ್ರೇಡ್, ತರಗತಿಯ ಸರಾಸರಿ: ಮೂರೂ ಪದ್ಧತಿಗಳಲ್ಲಿ ಪರೀಕ್ಷೆ ಬರೆದ ಮೇಲಿನ ಹೋಲಿಕೆ

ಸ್ನಾತಕೋತ್ತರ ವಿದ್ಯಾರ್ಥಿಯ ಓದನ್ನು ಅಳೆಯುವ ಮೂರು ಪದ್ಧತಿಗಳಲ್ಲಿಯೂ ಪರೀಕ್ಷೆ ಬರೆಯುವ ಯೋಗ ನನಗೆ ಒದಗಿತು. 2006ರಿಂದ 2008ರವರೆಗೆ ಅರ್ಥಶಾಸ್ತ್ರದ ಎಂ.ಎ. ಓದಿದ್ದು ಹಳೆಯ ಅಂಕ ಪದ್ಧತಿಯಲ್ಲಿ. ಹತ್ತು ವರ್ಷ ಪಾಠ ಹೇಳಿದ ಮೇಲೆ ಸಾರ್ವಜನಿಕ ಆಡಳಿತದಲ್ಲಿ ಮಾಡಿದ ಎರಡನೇ ಎಂ.ಎ. ಸಿಬಿಸಿಎಸ್ (ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ) ಅಡಿಯಲ್ಲಿ, ಅಂದರೆ ಹತ್ತು ಅಂಶಗಳ (ಪಾಯಿಂಟ್‌ಗಳ) ಗ್ರೇಡ್ ಪದ್ಧತಿಯಲ್ಲಿ, ಆಮೇಲೆ ಪಿಎಚ್.ಡಿ. ಕೋರ್ಸ್‌ವರ್ಕ್‌ನ ಒಂದು ಪತ್ರಿಕೆಯನ್ನು ಹೊರರಾಜ್ಯದ ತಾಂತ್ರಿಕ ಸಂಸ್ಥೆಯೊಂದರಲ್ಲಿ, ತರಗತಿಯ ಸರಾಸರಿಗೆ ಹೋಲಿಸಿ ಗ್ರೇಡ್ ಕೊಡುವ ಪದ್ಧತಿಯಲ್ಲಿ ಬರೆದೆ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯವೂ 2009ರಲ್ಲಿ ಆರಂಭವಾಗಿ ಈಗ ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಒಂದೇ ಜಿಲ್ಲೆಯಲ್ಲಿ ಇರುವುದರಿಂದ, ಕಲಬುರಗಿಯ ಮನೆಗಳಲ್ಲಿ ಪ್ರವೇಶದ ದಿನಗಳು ಬಂದರೆ "ಸರ್, ಎಲ್ಲಿ ಸೇರಿಸೋಣ?" ಎಂಬ ಪ್ರಶ್ನೆ ತಪ್ಪದು. ಶುಲ್ಕ, ಹಾಸ್ಟೆಲ್, ಬಸ್ಸು ಎಲ್ಲವನ್ನೂ ವಿಚಾರಿಸುವ ಪೋಷಕರು, ಅಂಕಪಟ್ಟಿಯ ಹಿಂಬದಿಯಲ್ಲಿ ಏನು ಅಚ್ಚಾಗಿರುತ್ತದೆ ಎಂದು ಕೇಳಿದ್ದನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ.

ಹಳೆಯ ಪದ್ಧತಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪತ್ರಿಕೆಗೆ ನೂರು ಅಂಕ, ಅದರಲ್ಲಿ ಎಂಬತ್ತು ಪರೀಕ್ಷೆಗೆ, ಇಪ್ಪತ್ತು ಆಂತರಿಕ ಮೌಲ್ಯಮಾಪನಕ್ಕೆ. ಎಲ್ಲವನ್ನೂ ಕೂಡಿಸಿ ಭಾಗಿಸಿದರೆ ಶೇಕಡಾವಾರು, ಅರವತ್ತು ದಾಟಿದರೆ ಪ್ರಥಮ ದರ್ಜೆ. ಅದರ ಗುಣವೆಂದರೆ, ಗಳಿಸಿದ ಒಂದೊಂದು ಅಂಕವೂ ಲೆಕ್ಕಕ್ಕೆ ಬರುತ್ತದೆ ಮತ್ತು ಲೆಕ್ಕವನ್ನು ಹಳ್ಳಿಯಲ್ಲಿರುವ ಅಪ್ಪನೂ ಮಾಡಿ ನೋಡಬಹುದು. ಅದರ ದೋಷವೂ ಅಲ್ಲಿಯೇ ಇದೆ: ದೀರ್ಘ ಉತ್ತರಕ್ಕೆ ಒಬ್ಬ ಮೌಲ್ಯಮಾಪಕರು ಹನ್ನೊಂದು, ಇನ್ನೊಬ್ಬರು ಹದಿಮೂರು ಕೊಡುವುದು ಸಹಜವಾಗಿರುವಾಗ, ಶೇ. 67.25 ಪಡೆದವನು 67.00 ಪಡೆದವಳಿಗಿಂತ ಜಾಣನೆಂದು ಪಟ್ಟಿ ಮಾಡುವುದರಲ್ಲಿ ಅರ್ಥವಿಲ್ಲ. ನಮ್ಮ ತಂಡದಲ್ಲಿ ರ್‍ಯಾಂಕ್ ನಿರ್ಧಾರವಾದದ್ದು ಮೂರೇ ಅಂಕಗಳಿಂದ.

ಗ್ರೇಡ್ ಪದ್ಧತಿ ಬಂದದ್ದು ಈ ದೋಷವನ್ನು ಸರಿಪಡಿಸಲೆಂದೇ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಸಿಬಿಸಿಎಸ್ ಮಾರ್ಗಸೂಚಿಯಲ್ಲಿ 'ಓ' ಗ್ರೇಡಿಗೆ 10, 'ಎ ಪ್ಲಸ್'ಗೆ 9, 'ಎ'ಗೆ 8, 'ಬಿ ಪ್ಲಸ್'ಗೆ 7, 'ಬಿ'ಗೆ 6, 'ಸಿ'ಗೆ 5, 'ಪಿ'ಗೆ 4 ಅಂಶಗಳಿವೆ. ಅನುತ್ತೀರ್ಣರಿಗೂ ಗೈರುಹಾಜರಾದವರಿಗೂ ಸೊನ್ನೆ. ಪ್ರತಿ ಪತ್ರಿಕೆಯ ಅಂಶವನ್ನು ಅದರ ತೂಕವನ್ನು ಸೂಚಿಸುವ ಕ್ರೆಡಿಟ್‌ನಿಂದ ಗುಣಿಸಿ, ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಆ ಸೆಮಿಸ್ಟರ್‌ನ ಎಸ್‌ಜಿಪಿಎ. ಎಲ್ಲ ಸೆಮಿಸ್ಟರ್‌ಗಳ ಎಸ್‌ಜಿಪಿಎಗಳನ್ನು ಇದೇ ರೀತಿ ಕ್ರೆಡಿಟ್ ಲೆಕ್ಕದಲ್ಲಿ ಸೇರಿಸಿದರೆ ಸಿಜಿಪಿಎ. ನನ್ನ ಎರಡನೇ ಎಂ.ಎ.ಯ ಅಂಕಪಟ್ಟಿಯ ಹಿಂಬದಿಯಲ್ಲಿ, ಮಸುಕಾದ ಬೂದು ಬಣ್ಣದ ಸಣ್ಣ ಕೋಷ್ಟಕದಲ್ಲಿ, 90ಕ್ಕೆ 'ಓ', 80ರಿಂದ 'ಎ ಪ್ಲಸ್', 70ರಿಂದ 'ಎ', 60ರಿಂದ 'ಬಿ ಪ್ಲಸ್', 55ರಿಂದ 'ಬಿ' ಎಂದು ಅಚ್ಚಾಗಿತ್ತು. ಜಗತ್ ವೃತ್ತದ ಬಳಿಯ ಜೆರಾಕ್ಸ್ ಅಂಗಡಿಯವನು ಮುಂಬದಿಯನ್ನಷ್ಟೇ ಪ್ರತಿ ತೆಗೆದು ಕೊಟ್ಟಾಗ ನಾನೂ ಸುಮ್ಮನೆ ತೆಗೆದುಕೊಂಡು ಬಂದೆ. ಆ ಹಿಂಬದಿಯ ಬೆಲೆ ತಿಳಿಯಲು ಇನ್ನೂ ಒಂದು ವರ್ಷ ಬೇಕಾಯಿತು.

ಒಂದು ಸೆಮಿಸ್ಟರ್‌ನ ನನ್ನ ಲೆಕ್ಕವನ್ನೇ ಬಿಡಿಸಿ ಇಡುತ್ತೇನೆ. ನಾಲ್ಕು ಕ್ರೆಡಿಟ್‌ನ ನಾಲ್ಕು ಪತ್ರಿಕೆಗಳಲ್ಲಿ 61, 72, 79 ಮತ್ತು 58. ಎರಡು ಕ್ರೆಡಿಟ್‌ನ ಎರಡು ಪತ್ರಿಕೆಗಳಲ್ಲಿ 84 ಮತ್ತು 90. ಅಂಶಗಳು ಕ್ರಮವಾಗಿ 7, 8, 8, 6, 9, 10. ಕ್ರೆಡಿಟ್‌ನಿಂದ ಗುಣಿಸಿ ಕೂಡಿಸಿದರೆ 154, ಅದನ್ನು 20ರಿಂದ ಭಾಗಿಸಿದರೆ 7.70. ಇವೇ ಅಂಕಗಳನ್ನು ಕ್ರೆಡಿಟ್‌ಗೆ ತಕ್ಕಂತೆ ನೇರವಾಗಿ ಸರಾಸರಿ ಮಾಡಿದರೆ ಬರುವುದು ಶೇ. 71.4. 72ಕ್ಕೂ 79ಕ್ಕೂ ಒಂದೇ ಗ್ರೇಡ್ ಆದ್ದರಿಂದ, 79ಕ್ಕಾಗಿ ನಾನು ಪಟ್ಟ ಹೆಚ್ಚಿನ ಶ್ರಮ ಎಲ್ಲಿಯೂ ದಾಖಲಾಗಲಿಲ್ಲ. ಆದರೆ 58 ಬಂದಿದ್ದ ಪತ್ರಿಕೆಯನ್ನು ಮರುಮೌಲ್ಯಮಾಪನಕ್ಕೆ ಹಾಕಿದಾಗ ಅದು 60 ಆಯಿತು, ಎರಡೇ ಅಂಕಕ್ಕೆ ಎಸ್‌ಜಿಪಿಎ 7.70ರಿಂದ 7.90ಕ್ಕೆ ಏರಿತು. ಹಳೆಯ ಪದ್ಧತಿಯಾಗಿದ್ದರೆ ಆ ಎರಡು ಅಂಕಗಳಿಂದ ಅರ್ಧ ಶೇಕಡಾವೂ ಹೆಚ್ಚುತ್ತಿರಲಿಲ್ಲ. ಗ್ರೇಡ್ ಪದ್ಧತಿ ಅಂಕಗಳ ಜಗಳವನ್ನು ನಿಲ್ಲಿಸುವುದಿಲ್ಲ, ಜಗಳವನ್ನೆಲ್ಲ ಗಡಿಗಳಿಗೆ ತಂದು ನಿಲ್ಲಿಸುತ್ತದೆ ಎಂಬ ನನ್ನ ಅಭಿಪ್ರಾಯ ಹುಟ್ಟಿದ್ದು ಆಗಲೇ. ಸಿಬಿಸಿಎಸ್ ಎಂಬ ಒಂದೇ ಹೆಸರಿನಲ್ಲಿ ಇನ್ನೊಂದು ಬಗೆಯೂ ನಡೆಯುತ್ತದೆ: ಅಂಕವನ್ನು ಹತ್ತರಿಂದ ಭಾಗಿಸಿ ಅದನ್ನೇ ಅಂಶವೆನ್ನುವುದು, 72ಕ್ಕೆ 7.2, 79ಕ್ಕೆ 7.9. ಆ ಬಗೆಯಲ್ಲಿ, ಮರುಮೌಲ್ಯಮಾಪನಕ್ಕೆ ಮುಂಚಿನ ನನ್ನ ಸೆಮಿಸ್ಟರ್ 7.14 ಆಗುತ್ತಿತ್ತು. ಅದು ಹಳೆಯ ಶೇಕಡಾವಾರಿಗೆ ಹೊಸ ಅಂಗಿ ತೊಡಿಸಿದಂತೆ. ಆದರೂ ಅದರಲ್ಲಿ ಮೋಸವಿಲ್ಲ.

ನಿಜವಾದ ತೊಡಕು ಇರುವುದು ಸಿಜಿಪಿಎಯನ್ನು ಮತ್ತೆ ಶೇಕಡಾವಾರಿಗೆ ತಿರುಗಿಸುವಲ್ಲಿ. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್ ಬರೆಯಲು ಸಾಮಾನ್ಯ ವರ್ಗದವರಿಗೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55, ಪರಿಶಿಷ್ಟ ಜಾತಿ, ಪಂಗಡ ಮತ್ತಿತರ ಮೀಸಲು ವರ್ಗಗಳವರಿಗೆ ಶೇ. 50 ಬೇಕು, ಅರ್ಜಿಗಳಲ್ಲಿ ಕೇಳುವುದು ಬಹುತೇಕ ಶೇಕಡಾವಾರನ್ನೇ. ಕೆಲವು ವಿಶ್ವವಿದ್ಯಾಲಯಗಳು ಸಿಜಿಪಿಎಯನ್ನು ಹತ್ತರಿಂದ ಗುಣಿಸುತ್ತವೆ. ತಾಂತ್ರಿಕ ಶಿಕ್ಷಣದ ಮಂಡಳಿಯಾದ ಎಐಸಿಟಿಇಯ ಕೋಷ್ಟಕದಲ್ಲಿ 6.25ಕ್ಕೆ ಶೇ. 55, 6.75ಕ್ಕೆ ಶೇ. 60, ಅಂದರೆ ಮೊದಲು 0.75 ಕಳೆದು ಆಮೇಲೆ ಹತ್ತರಿಂದ ಗುಣಿಸುವುದು. ಈಗ ಎಲ್ಲ ಪತ್ರಿಕೆಗಳಲ್ಲಿಯೂ 57 ಅಂಕ ಪಡೆದ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಿ. ನನ್ನ ಅಂಕಪಟ್ಟಿಯ ಕೋಷ್ಟಕದ ಪ್ರಕಾರ ಅವಳಿಗೆ ಎಲ್ಲದರಲ್ಲೂ 'ಬಿ', ಸಿಜಿಪಿಎ 6.00. ಹತ್ತರಿಂದ ಗುಣಿಸಿದರೆ ಶೇ. 60, ಪ್ರಥಮ ದರ್ಜೆ, 0.75 ಕಳೆದು ಗುಣಿಸಿದರೆ ಶೇ. 52.5, ಸಾಮಾನ್ಯ ವರ್ಗದವಳಾಗಿದ್ದರೆ ನೆಟ್ ಅರ್ಜಿಗೇ ಅನರ್ಹಳು. ಒಂದು ಪತ್ರಿಕೆಯಲ್ಲಿಯೂ 55ಕ್ಕಿಂತ ಕಡಿಮೆ ಪಡೆಯದವಳಿಗೆ ಈ ಗತಿ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಸಿಗುವ ಸ್ಥಳೀಯ ಮೀಸಲಾತಿಯಿಂದ ಇದು ಸರಿಹೋಗುವುದಿಲ್ಲ, ಏಕೆಂದರೆ ಆ ಮೀಸಲಾತಿಯ ಪ್ರಮಾಣಪತ್ರ ಸೀಟಿನ ಪಾಲನ್ನು ಕೊಡುತ್ತದೆಯೇ ಹೊರತು ಅರ್ಹತೆಯ ಗೆರೆಯನ್ನು ದಾಟಿಸುವುದಿಲ್ಲ. ಒಂದು ಸಂದರ್ಶನದಲ್ಲಿ ದಾಖಲೆ ಪರಿಶೀಲಿಸುತ್ತಿದ್ದ ಗುಮಾಸ್ತರು ನನ್ನ ಸಿಜಿಪಿಎಗೆ ತಮಗೆ ತಿಳಿದ ಸೂತ್ರ ಹಾಕಿ ಹೊರಟಾಗ, ಹಿಂಬದಿಯ ಪ್ರತಿ ಕೈಯಲ್ಲಿಲ್ಲದೆ ನಾನು ಬಾಯಿಮಾತಿನಲ್ಲಿ ವಾದಿಸಬೇಕಾಯಿತು. ವಾದ ನಡೆಯಲಿಲ್ಲ.

ಮೂರನೆಯದು, ತರಗತಿಯ ಸರಾಸರಿಯ ಮೇಲೆ ನಿಂತ ಪದ್ಧತಿ. ಅರ್ಥಮಾಪನಶಾಸ್ತ್ರದ (ಎಕನಾಮೆಟ್ರಿಕ್ಸ್) ಆ ಪತ್ರಿಕೆಯಲ್ಲಿ ನನಗೆ ಬಂದದ್ದು 56. ಸರಾಸರಿ 47 ಇದ್ದುದರಿಂದ ಮೇಲಿನಿಂದ ಎರಡನೆಯ ಗ್ರೇಡ್ ಸಿಕ್ಕಿತು. ಪ್ರಶ್ನೆಪತ್ರಿಕೆ ಕಠಿಣವಾದರೆ ಎಲ್ಲರಿಗೂ ಕಠಿಣ ಎಂಬ ನ್ಯಾಯ ಅದರಲ್ಲಿದೆ, ಮತ್ತು ಅಧ್ಯಾಪಕರು ಅಂಕಗಳ ಭಯವಿಲ್ಲದೆ ಆಳವಾದ ಪ್ರಶ್ನೆ ಕೇಳಬಹುದು. ನಾನು ಬರೆದ ಅತ್ಯುತ್ತಮ ಪರೀಕ್ಷೆ ಅದೇ ಎಂದು ಈಗಲೂ ಅನ್ನಿಸುತ್ತದೆ. ಅಲ್ಲಿ ಕುಳಿತವರು ಅರವತ್ತು ಮಂದಿ. ನಮ್ಮ ಭಾಗದ ವಿಭಾಗಗಳಲ್ಲಿ ಕೆಲವೊಮ್ಮೆ ಒಂಬತ್ತೋ ಹತ್ತೋ ಮಂದಿ ಇರುತ್ತಾರೆ. ಅಷ್ಟು ಜನರ ಸರಾಸರಿ ತೆಗೆದು ಇವನು ಮೇಲು, ಅವಳು ಕೆಳಗೆ ಎನ್ನುವುದು ಪಗಡೆಯಾಟವಾದೀತು. ಜೊತೆಗೆ, ಗೆಳತಿಗೆ ಕೊಟ್ಟ ಟಿಪ್ಪಣಿ ತನ್ನ ಗ್ರೇಡನ್ನೇ ಇಳಿಸಬಹುದು ಎಂಬ ಅನುಮಾನ ಹುಟ್ಟಿದರೆ, ಹಾಸ್ಟೆಲ್ ಕೋಣೆಯಲ್ಲಿ ಒಟ್ಟಿಗೆ ಕುಳಿತು ಓದುವ ನಮ್ಮ ಹುಡುಗ ಹುಡುಗಿಯರ ರೂಢಿ ಉಳಿಯುವುದು ಕಷ್ಟ.

ಸಂಶೋಧನಾ ವಿದ್ಯಾರ್ಥಿಗಳು ಗಮನಿಸಬೇಕಾದ ಮಾತೊಂದಿದೆ. ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್‌ನದ್ದಾಗಿರಬೇಕು, ಮತ್ತು ಅದರಲ್ಲಿ ಶೇ. 55 ಅಥವಾ ಹತ್ತು ಅಂಶಗಳ ಮಾನದಂಡದಲ್ಲಿ ಅದಕ್ಕೆ ಸಮನಾದ ಗ್ರೇಡ್ ಪಡೆಯದಿದ್ದರೆ ಸಂಶೋಧನೆ ಮುಂದುವರಿಸುವಂತಿಲ್ಲ. ನನ್ನ 56ನ್ನು ಅಂಕವಾಗಿ ನೋಡಿದರೆ ಒಂದು ಅಂಕದಲ್ಲಿ ಪಾರಾದವನು ನಾನು. ಗ್ರೇಡಾಗಿ ನೋಡಿದರೆ ಮುಂಚೂಣಿಯಲ್ಲಿದ್ದವನು. ಮಾರ್ಗದರ್ಶಕರು ನಕ್ಕು, "ಎರಡನ್ನೂ ಬರೆದುಕೊಡಿ, ಯಾವುದು ಬೇಕೋ ಅವರೇ ತಗೊಳ್ಳಲಿ" ಎಂದರು.

ಯಾವುದನ್ನು ಆರಿಸುವಿರಿ ಎಂದು ಕೇಳಿದರೆ, ಗ್ರೇಡಿನ ಪಕ್ಕದಲ್ಲಿಯೇ ಅಂಕವನ್ನೂ ಅಚ್ಚು ಮಾಡುವ ಸಿಬಿಸಿಎಸ್ ವಿಶ್ವವಿದ್ಯಾಲಯವನ್ನು ನಾನು ಆರಿಸುತ್ತೇನೆ. ಐಚ್ಛಿಕ ಪತ್ರಿಕೆಯನ್ನು ಬೇರೆ ವಿಭಾಗದಿಂದ ತೆಗೆದುಕೊಳ್ಳುವ ಅವಕಾಶ ಹಳೆಯ ಪದ್ಧತಿಯಲ್ಲಿ ನನಗೆ ಸಿಕ್ಕಿರಲಿಲ್ಲ, ಆ ಒಂದು ಕಾರಣಕ್ಕೇ ಹಿಂದಕ್ಕೆ ಹೋಗುವ ಮನಸ್ಸಿಲ್ಲ. ಬರೀ ಗ್ರೇಡ್ ಅಚ್ಚು ಮಾಡಿ ಅಂಕವನ್ನು ಮುಚ್ಚಿಡುವ ಕಡೆ ಸೀಟು ಸಿಕ್ಕಿದ್ದರೆ, ಪ್ರವೇಶದ ದಿನವೇ ಪರೀಕ್ಷಾ ವಿಭಾಗದಲ್ಲಿ ಶೇಕಡಾವಾರು ಪರಿವರ್ತನೆಯ ಸೂತ್ರ ಯಾವುದು, ಅದನ್ನು ಮೊಹರು ಹಾಕಿ ಪ್ರಮಾಣಪತ್ರವಾಗಿ ಕೊಡುತ್ತಾರೆಯೇ ಎಂದು ವಿಚಾರಿಸಿಕೊಳ್ಳಿ. ನನ್ನ ಬಳಿ ಈಗ ಅಂತಹ ಪ್ರಮಾಣಪತ್ರದ ನಾಲ್ಕು ಪ್ರತಿಗಳಿವೆ, ಅಂಕಪಟ್ಟಿಗಳನ್ನು ಎರಡೂ ಬದಿ ಜೆರಾಕ್ಸ್ ಮಾಡಿಸಿದ್ದೇನೆ.