ಸ್ವರದ ಮೇಲಿನ ಚುಕ್ಕೆಗೆ ಫಾಂಟಿನಲ್ಲಿ ಎಲ್ಲಿ ಜಾಗ ಕೊಡಬೇಕು?

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ದೊಡ್ಡಮ್ಮ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ಅವರ ಪಾಠದ ಹಾಳೆಗಳಿಗೆಂದೇ ನಾನು ಒಂದು ಕೈಬರಹದ ಕನ್ನಡ ಫಾಂಟ್ ಮಾಡಿದ್ದೇನೆ. ಕಾಗುಣಿತ, ಒತ್ತಕ್ಷರ ಎಲ್ಲ ಮುಗಿದ ಮೇಲೆ ಉಳಿದಿದ್ದು ಸ್ವರಲಿಪಿಯ ಗುರುತುಗಳು. ದನಿ ಏರಿಸಿ ಹಾಡುವ ತಾರಸ್ಥಾಯಿಗೆ ಸ್ವರದ ಮೇಲೆ ಚುಕ್ಕೆ, ಇಳಿಸಿ ಹಾಡುವ ಮಂದ್ರಕ್ಕೆ ಕೆಳಗೆ ಚುಕ್ಕೆ. ಕಾಲ, ಅಂದರೆ ಹಾಡುವ ವೇಗ, ಹೆಚ್ಚಿದರೆ ಮೇಲೆ ಒಂದು ಗೆರೆ, ಇನ್ನೂ ಹೆಚ್ಚಿದರೆ ಎರಡು. ಇವನ್ನು ಸೇರಿಸುವ ಮೂರು ದಾರಿಗಳನ್ನು ಫಾಂಟ್ ಮಾಡುವ ತಂತ್ರಾಂಶವಾದ ಫಾಂಟ್‌ಫೋರ್ಜ್‌ನಲ್ಲಿ ಮಾಡಿ ನೋಡಿದೆ.

ಮೂರಕ್ಕೂ ಪರೀಕ್ಷೆಯ ಸಾಲು ಒಂದೇ, ಸಂಗೀತ ಕಲಿಯುವವರ ಮೊದಲ ಪಾಠವಾದ ಸರಳೆಯ ಮೊದಲ ವರಸೆ:

ಸ ರಿ ಗ ಮ । ಪ ದ । ನಿ ಸ ॥

ಮೊದಲ ಸ ಮಧ್ಯಸ್ಥಾಯಿ, ಕೊನೆಯದು ತಾರಸ್ಥಾಯಿ. ಬರಹದಲ್ಲಿ ಇವೆರಡಕ್ಕೂ ಇರುವ ವ್ಯತ್ಯಾಸ ಕೊನೆಯ ಸ ಮೇಲೆ ಬರಬೇಕಾದ ಒಂದು ಚುಕ್ಕೆ ಮಾತ್ರ. ತಾಳದ ಭಾಗ ತೋರಿಸುವ ದಂಡಗಳಿಗೆ (। ಮತ್ತು ॥), ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಟ್ಟಿರುವ ಪಟ್ಟಿಯಾದ ಯೂನಿಕೋಡ್‌ನಲ್ಲಿ ಆಗಲೇ ಜಾಗ ಇದೆ, 0964 ಮತ್ತು 0965. ದೇವನಾಗರಿಯ ಸಾಲಿನಲ್ಲಿದ್ದರೂ ಅವು ಕನ್ನಡಕ್ಕೂ ಅವೇ. ಅಲ್ಲೇ ಬರೆದು ಮುಗಿಸಿದೆ.

ಮೊದಲನೆಯ ದಾರಿ ಹಳೆಯದು. ಇಂಗ್ಲಿಷ್ ಕೀಲಿಯ ಜಾಗದಲ್ಲಿ ನಮ್ಮ ಚಿತ್ರ ಕೂರಿಸುವುದು. ಹೂವಿನ ಆವರಣದ ಕೀಲಿ ಒತ್ತಿದರೆ ಚುಕ್ಕೆ ಇರುವ ಸ ಬರುತ್ತದೆ. ಕೆಲಸ ಬೇಗ ಆಗುತ್ತದೆ, ಟೈಪಿಂಗೂ ಸುಲಭ. ಆದರೆ ಫಾಂಟ್ ಬದಲಾದ ತಕ್ಷಣ ಸ ಹೋಗಿ ಆವರಣ ಚಿಹ್ನೆ ಬರುತ್ತದೆ. 2010ರ ಜುಲೈನಲ್ಲಿ ರೂಪಾಯಿ ಚಿಹ್ನೆ ಬಂದಾಗಲೂ ಹೀಗೇ ಆಯಿತು. ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ ಬೇರೆ ಕೀಲಿಯ ಮೇಲೆ ಆ ಚಿಹ್ನೆ ಕೂರಿಸಿದ ಫಾಂಟ್‌ಗಳು ಓಡಾಡಿದವು. ಅವುಗಳಲ್ಲಿ ಬರೆದ ಕಡತವನ್ನು ಬೇರೆ ಫಾಂಟಿನಲ್ಲಿ ತೆರೆದರೆ ಬೆಲೆಯ ಮುಂದೆ ರೂಪಾಯಿ ಇರುವುದಿಲ್ಲ. ಇನ್ನೊಂದು ತೊಡಕೂ ಇದೆ. ಪಾಠ ಟೈಪ್ ಮಾಡುವ ಲಿಬ್ರೆ ಆಫೀಸ್‌ನಲ್ಲಿ ಇಂಗ್ಲಿಷ್‌ಗೆ ಒಂದು ಫಾಂಟ್, ಕನ್ನಡಕ್ಕೆ ಒಂದು ಫಾಂಟ್ ಬೇರೆ ಬೇರೆಯಾಗಿ ಆರಿಸಬೇಕು. ಇಂಗ್ಲಿಷ್ ಅಕ್ಷರದ ಮೇಲೆ ಸ್ವರ ಕೂರಿಸಿದರೆ ಎರಡೂ ಕಡೆ ನೆನಪಿಟ್ಟು ಹಾಕಬೇಕು. ಈ ದಾರಿ ನನಗೆ ಬೇಡ ಅನಿಸಿತು.

ಎರಡನೆಯದು ಯೂನಿಕೋಡ್‌ನ ಖಾಸಗಿ ಜಾಗ. ಯಾರು ಏನು ಬೇಕಾದರೂ ಇಟ್ಟುಕೊಳ್ಳಲಿ ಎಂದು ಮುಖ್ಯ ಭಾಗದಲ್ಲೇ 6,400 ಮನೆಗಳನ್ನು ಖಾಲಿ ಬಿಟ್ಟಿದ್ದಾರೆ. ಬೇರೆ ಅಕ್ಷರದ ಜೊತೆ ಗುದ್ದಾಟ ಇಲ್ಲ. ಚುಕ್ಕೆ ಸಮೇತ ಇಡೀ ಸ್ವರವನ್ನು ಒಂದೇ ಚಿತ್ರವಾಗಿ ಬರೆದುಬಿಡಬಹುದು. ಅಚ್ಚಿನಲ್ಲಿ ನೋಡಲು ಇದೇ ಎಲ್ಲಕ್ಕಿಂತ ಚೆನ್ನಾಗಿತ್ತು, ಏಕೆಂದರೆ ಪ್ರತಿ ಚುಕ್ಕೆಯನ್ನೂ ಕಣ್ಣಳತೆಯಲ್ಲಿ ಇಟ್ಟಿದ್ದೆ. ಆದರೆ ಲೆಕ್ಕ ಹಾಕಿ: 7 ಸ್ವರ, 3 ಸ್ಥಾಯಿ, 3 ಕಾಲ. ಒಟ್ಟು 63. ಗುರುತಿಲ್ಲದ 7 ಬಿಟ್ಟರೂ 56 ಚಿತ್ರ ಬರೆಯಬೇಕು.

ಅದನ್ನಾದರೂ ಬರೆಯಬಹುದು. ಪಾಠವನ್ನು ಪಿಡಿಎಫ್ ಮಾಡಿದರೆ ಫಾಂಟ್ ಒಳಗೇ ಸೇರಿರುತ್ತದೆ, ತೊಂದರೆ ಇಲ್ಲ. ಅದೇ ಸಾಲನ್ನು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ದೊಡ್ಡಮ್ಮನ ಫೋನ್ ಬಂತು: "ನಿ ಆದ್ಮೇಲೆ ಇದೇನೋ ಡಬ್ಬ? ಹುಡುಗ್ರು ಏನಂತ ಹಾಡ್ಬೇಕು?" ಬರೀ ಚುಕ್ಕೆ ಹೋಗಿರಲಿಲ್ಲ, ಸ್ವರವೇ ಹೋಗಿತ್ತು. ಹುಡುಕಿದರೂ ಸಿಗುವುದಿಲ್ಲ, ಕಂಪ್ಯೂಟರಿಗೆ ಅದು ಸ ಅಲ್ಲವೇ ಅಲ್ಲ. ಪಾಠದ ಬರಹಕ್ಕೆ ಇದು ದೊಡ್ಡ ಕೊರತೆ.

ಮೂರನೆಯ ದಾರಿಯಲ್ಲಿ ಸ ಸುಮ್ನೆ ಸ ಆಗಿಯೇ ಇರುತ್ತದೆ. ಅದರ ಹಿಂದೆ ಅಂಟಿಕೊಳ್ಳುವ ಚುಕ್ಕೆಯನ್ನು ಬೇರೆ ಅಕ್ಷರವಾಗಿ ಟೈಪ್ ಮಾಡಬೇಕು. ಮೇಲಿನ ಚುಕ್ಕೆ 0307, ಕೆಳಗಿನದು 0323, ಒಂದು ಗೆರೆ 0305. ಎರಡು ಗೆರೆಗೂ ಅದೇ ಗುಂಪಿನಲ್ಲಿ ಜಾಗ ಇದೆ. 56ರ ಬದಲು ನಾಲ್ಕೇ ಚಿತ್ರ. ಶ್ರಮ ಇರುವುದು ಚಿತ್ರದಲ್ಲಲ್ಲ, ಕೂರಿಸುವುದರಲ್ಲಿ. ಚುಕ್ಕೆಯ ಅಗಲ ಸೊನ್ನೆ ಇರಬೇಕು, ಗ್ಲಿಫ್ (ಫಾಂಟಿನೊಳಗಿನ ಒಂದೊಂದು ಚಿತ್ರ) ಮಾಹಿತಿಯಲ್ಲಿ ಅದರ ವರ್ಗ 'ಮಾರ್ಕ್' ಆಗಿರಬೇಕು. ಆಮೇಲೆ ಪ್ರತಿ ಸ್ವರಕ್ಕೂ ಮೇಲೊಂದು, ಕೆಳಗೊಂದು, ಚುಕ್ಕೆ ಬಂದು ಕೂರುವ ಬಿಂದು ಅಂದರೆ ಆ್ಯಂಕರ್ ಇಡಬೇಕು. ಚುಕ್ಕೆಯ ಮೇಲೆ ಗೆರೆ ಬರಬೇಕಾದರೆ ಚುಕ್ಕೆಗೂ ಒಂದು ಆ್ಯಂಕರ್ ಬೇಕು.

ಇಲ್ಲಿ ಕೈ ಹಿಡಿದು ನಿಲ್ಲಿಸಿದ್ದು ರಿ ಮತ್ತು ನಿ. ಸ, ಗ, ಮ, ಪ, ದ ಮೇಲೆ ಒಂದೇ ಎತ್ತರಕ್ಕೆ ಚುಕ್ಕೆ ಇಟ್ಟರೆ ನಡೆಯುತ್ತದೆ. ಅದೇ ಎತ್ತರ ರಿಗೆ ಕೊಟ್ಟರೆ ಚುಕ್ಕೆ ಗುಡಿಸಿಗೆ ಮೆತ್ತಿಕೊಳ್ಳುತ್ತದೆ. ಬರಿಯ ರ ಮೇಲೆ ಆ್ಯಂಕರ್ ಇದ್ದರೆ ಸಾಲದು. ರ ಮತ್ತು ಗುಡಿಸು ಕೂಡಿ ಆಗುವ ರಿ ಚಿತ್ರಕ್ಕೇ ಬೇರೆ ಆ್ಯಂಕರ್ ಕೊಟ್ಟು, ಇನ್ನಷ್ಟು ಮೇಲಕ್ಕೆ ಏರಿಸಬೇಕು. ಏರಿಸಿದರೆ ವಿಂಡೋಸ್‌ನಲ್ಲಿ ಚುಕ್ಕೆಯ ತಲೆ ಕತ್ತರಿಸಿಹೋಯಿತು! ಫಾಂಟ್ ಮಾಹಿತಿಯಲ್ಲಿ 'ವಿನ್ ಅಸೆಂಟ್' ಎಂಬ ಅಳತೆ ಇದೆ. ಅದನ್ನು ದಾಟಿದ ಭಾಗವನ್ನು ವಿಂಡೋಸ್ ತೋರಿಸದೆ ಬಿಡಬಹುದು. ಆ ಅಳತೆ ಹೆಚ್ಚಿಸಿದ ಮೇಲೆ ಚುಕ್ಕೆ ಪೂರ್ತಿ ಬಂತು. ಸಾಲುಗಳ ನಡುವಿನ ಅಂತರವೂ ಸ್ವಲ್ಪ ಜಾಸ್ತಿ ಆಯಿತು. ಸ್ವರದ ಕೆಳಗೆ ಸಾಹಿತ್ಯ ಬರೆಯುವವರಿಗೆ ಅದು ಒಳ್ಳೆಯದೇ ಅಲ್ವಾ?

ವಾಟ್ಸ್ಆ್ಯಪ್‌ನಲ್ಲಿ ಈ ಸಾಲು ಹೇಗೆ ಬಂತು? ಫೋನಿನ ಫಾಂಟು ತನ್ನದೇ ಚುಕ್ಕೆ ಹಾಕಿತು, ಕೊಂಚ ಪಕ್ಕಕ್ಕೆ ಸರಿದಿತ್ತು. ಅಂದ ಇಲ್ಲ, ಆದರೆ ಓದಬಹುದು. ಚುಕ್ಕೆ ಪೂರ್ತಿ ಹೋದರೂ ಸ ಉಳಿಯುತ್ತದೆ, ಆರೋಹಣ ಹಾಡುತ್ತಾ ನಿ ಮುಟ್ಟಿದ ಮಗು ಮೇಲಿನ ಸಕ್ಕೇ ಹೋಗುತ್ತದೆ. ನಾನು ಇದನ್ನೇ ಇಟ್ಟುಕೊಂಡೆ.

ಟೈಪ್ ಮಾಡಲು ಮಾತ್ರ ಇದು ನಿಧಾನ. ಲಿಬ್ರೆ ಆಫೀಸ್‌ನಲ್ಲಿ 0307 ಬರೆದು ಆಲ್ಟ್ ಮತ್ತು ಎಕ್ಸ್ ಒತ್ತಿದರೆ ಚುಕ್ಕೆ ಬರುತ್ತದೆ, ಆದರೆ ವರ್ಣದಂಥ ಉದ್ದನೆಯ ಸಂಗೀತ ರಚನೆಗೆ ಪೂರ್ತಿ ಹೀಗೆ ಮಾಡುತ್ತಾ ಕೂರಲು ಆಗುವುದಿಲ್ಲ. ಹಾಗಾಗಿ ಚುಕ್ಕೆ ಬೇಕಾದಲ್ಲಿ ನಕ್ಷತ್ರ ಚಿಹ್ನೆ ಹಾಕುತ್ತಾ ಹೋಗಿ, ಕೊನೆಗೆ ಎಲ್ಲವನ್ನೂ ಒಟ್ಟಿಗೆ ಹುಡುಕಿ ಬದಲಿಸುತ್ತೇನೆ. ರಿ ಬರೆದ ಮೇಲೆಯೇ ನಕ್ಷತ್ರ ಹಾಕಬೇಕು, ರ ಮತ್ತು ಗುಡಿಸಿನ ನಡುವೆ ಹಾಕಿದರೆ ಅಕ್ಷರ ಒಡೆಯುತ್ತದೆ.

ಖಾಸಗಿ ಜಾಗವನ್ನು ಪೂರ್ತಿ ಬಿಟ್ಟಿಲ್ಲ. ಪಾಠದ ತಲೆಯ ಮೇಲೆ ಹಾಕುವ ಪುಟ್ಟ ವೀಣೆಯ ಚಿತ್ರ ಅಲ್ಲಿದೆ. ಅದು ಡಬ್ಬವಾಗಿ ಕಂಡರೂ ಯಾರ ಹಾಡೂ ನಿಲ್ಲುವುದಿಲ್ಲ.