ಸಿನಿಮಾಕ್ಕೆ ಸೈ, ಸರಳೆ ವರಸೆಗೆ ಬೇಡ

ನನ್ನ ಲೆಕ್ಕದಲ್ಲಿ ಐದಕ್ಕೆ ಎರಡೂವರೆ. ಅರ್ಧ ಕೊಡಲು ಇಲ್ಲಿ ಆಗುವುದಿಲ್ಲ, ಅದಕ್ಕೆ ಮೂರು ಸ್ಟಾರ್.

1,799 ರೂಪಾಯಿಯ ಈ ವೈರ್‌ಲೆಸ್ ಇಯರ್‌ಬಡ್ಸ್ ತಗೊಂಡಿದ್ದು ಅತ್ತೆಯ ನಿದ್ದೆ ಕೆಡದಿರಲಿ ಅಂತ. ಅವರು ಮಲಗುವುದು ಒಂಬತ್ತಕ್ಕೆ, ನನಗೆ ಸಂಗೀತದ ಕೀಬೋರ್ಡ್ ಮುಂದೆ ಕೂರಲು ಪುರುಸೊತ್ತಾಗುವುದೂ ಆಗಲೇ. ಕೀಬೋರ್ಡನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಇದನ್ನು ಕಿವಿಗೆ ಹಾಕಿಕೊಂಡೆ.

ಒಂದೊಂದೇ ಕೀ ಒತ್ತಿ ನೋಡಿದಾಗ ಏನೂ ತೊಂದರೆ ಅನಿಸಲಿಲ್ಲ. ಸದ್ದು ತಡವಾಗಿ ಬರುತ್ತಿದ್ದರೂ ಮಿದುಳು ಹೊಂದಿಸಿಕೊಂಡು ಹೋಗುತ್ತಿತ್ತು ಅಂತ ಆಮೇಲೆ ಓದಿ ತಿಳಿಯಿತು. ಲಂಡನ್ನಿನ ಮಿದುಳು ವಿಜ್ಞಾನಿ ಪ್ಯಾಟ್ರಿಕ್ ಹ್ಯಾಗಾರ್ಡ್ ತಂಡ 2002ರಲ್ಲಿ ಪ್ರಯೋಗ ಮಾಡಿ ನೋಡಿದೆ: ನಾವಾಗಿ ಗುಂಡಿ ಒತ್ತಿ, 250 ಮಿಲಿಸೆಕೆಂಡ್ ಬಿಟ್ಟು ಸದ್ದು ಬಂದರೆ, ಒತ್ತಿದ್ದು ಸ್ವಲ್ಪ ತಡವಾಗಿ, ಸದ್ದು ಸ್ವಲ್ಪ ಬೇಗ ಆದ ಹಾಗೆ ತೋಚುತ್ತದಂತೆ. ಮಿದುಳಿಗೆ ಕಾಂತದ ಮಿಡಿತ ಕೊಟ್ಟು ಬೆರಳನ್ನು ತಾನಾಗಿ ಅದುರಿಸಿದರೆ ಮಾತ್ರ ಅದೇ ಅಂತರ ಹಿಗ್ಗಿದಂತೆ ಕಾಣುತ್ತದಂತೆ. 'ನಾನು ಮಾಡಿದ್ದು' ಅಂದರೆ ಮಿದುಳಿಗೂ ಮಮಕಾರ!

ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ನುಡಿಸುತ್ತ ಮೂರನೇ ಕಾಲಕ್ಕೆ, ಅಂದರೆ ನಾಲ್ಕು ಪಟ್ಟು ವೇಗಕ್ಕೆ, ಬಂದಾಗ ಬಂಡವಾಳ ಬಯಲಾಯಿತು. ಬೆರಳು ಬಡಿದ ಸದ್ದು, ಬಡ್ಸಿನ ಸದ್ದು ಎರಡನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ ಅಳೆದೆ: ಸುಮಾರು 190 ಮಿಲಿಸೆಕೆಂಡ್ ತಡ. ತಾಳ ಹಾಕುವ ಮೆಟ್ರೊನೋಮನ್ನು ನಿಮಿಷಕ್ಕೆ 80ಕ್ಕಿಟ್ಟರೆ ತಾಳದ ಒಂದಕ್ಷರಕ್ಕೆ 750 ಮಿಲಿಸೆಕೆಂಡ್, ಅದರಲ್ಲಿ ನಾಲ್ಕು ಸ್ವರ ಅಂದರೆ ಒಂದೊಂದಕ್ಕೆ 187 ಚಿಲ್ಲರೆ. ಷಡ್ಜ ಕೇಳಿಸುವ ಹೊತ್ತಿಗೆ ಬೆರಳು ರಿಷಭದ ಮೇಲೆ! ಗೇಮ್ ಮೋಡ್ ಹಾಕಿದರೆ 110ಕ್ಕೆ ಇಳಿಯುತ್ತದೆ, ಸಾಲದು.

ಹಟಕ್ಕೆ ಬಿದ್ದು ನಾಲ್ಕು ರಾತ್ರಿ ಅದರಲ್ಲೇ ನುಡಿಸಿದೆ. ಐದನೇ ದಿನ ಅಭ್ಯಾಸದ ನಡುವೆ ಚಾರ್ಜ್ ಮುಗಿದು, ಹಳೇ ವೈರಿನ ಹೆಡ್‌ಫೋನ್ ಚುಚ್ಚಿದೆ. ಮೊದಲ ಕೆಲವು ಸ್ವರ, ದೇವರಾಣೆ, ನಾನು ಒತ್ತುವ ಮುಂಚೆಯೇ ಕೇಳಿಸಿದವು. ಪಕ್ಕದಲ್ಲಿ ಇನ್ಯಾರೋ ಕೂತು ನುಡಿಸಿದಂತಾಗಿ ಕೈ ತೆಗೆದುಬಿಟ್ಟೆ. ಇದಕ್ಕೂ ಪ್ರಯೋಗವಿದೆ: 2006ರಲ್ಲಿ ಮಿದುಳು ವಿಜ್ಞಾನಿ ಡೇವಿಡ್ ಈಗಲ್‌ಮನ್ ಮತ್ತು ಸಂಗಡಿಗರು, ಗುಂಡಿ ಒತ್ತಿದ ಮೇಲೆ ಬೆಳಕು ತಡವಾಗಿ ಮಿನುಗುವುದನ್ನು ಜನರಿಗೆ ರೂಢಿ ಮಾಡಿಸಿದರು. ಆಮೇಲೆ ಬೇಗ ಮಿನುಗಿಸಿದಾಗ, ಒತ್ತುವ ಮೊದಲೇ ಬೆಳಕು ಬಂತು ಅಂದವರಿದ್ದರು.

ಸಿನಿಮಾ ನೋಡಲು ಚಿಂತೆಯಿಲ್ಲ. ಫೋನು ಚಿತ್ರವನ್ನೂ ಅಷ್ಟೇ ತಡ ಮಾಡಿ ಸರಿದೂಗಿಸುತ್ತದೆ. ಬೆರಳಿಗೆ ಆ ಸೌಕರ್ಯವಿಲ್ಲ. 'ತಡವೇ ಇಲ್ಲ' ಅಂತ ಡಬ್ಬಿಯ ಮೇಲೆ ಅಚ್ಚು ಹಾಕಿದವರು ಒಂದು ಜಂಟಿ ವರಸೆ ನುಡಿಸಿ ನೋಡಲಿ.

ವಾಪಸ್ ಕೊಡುವ ಅವಧಿ ಮುಗಿದಿತ್ತು. ಈಗ ಬಡ್ಸ್ ಅತ್ತೆಯ ಕಿವಿಯಲ್ಲಿದೆ; ಹರಿಕಥೆ ಚೆನ್ನಾಗಿ ಕೇಳಿಸುತ್ತದಂತೆ, ಹತ್ತೂವರೆಯಾದರೂ ಮಲಗುತ್ತಿಲ್ಲ.