ಹಳೇ ಲ್ಯಾಪ್‌ಟಾಪ್ ಕೊಡೋ ಮುಂಚೆ ಒಮ್ಮೆ ನೆಟ್ ಆಫ್ ಮಾಡಿ ನೋಡಿ

ನಮ್ಮದು ಆಲ್ದೂರಿನ ಕಡೆ ಸಣ್ಣ ಕಾಫಿ ತೋಟ. ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿ ಲೆಕ್ಕ), ಗೊಬ್ಬರದ ಖರ್ಚು, ಮಳೆ ಲೆಕ್ಕ ಎಲ್ಲಾ ಒಂದು ಹಳೇ ಲ್ಯಾಪ್‌ಟಾಪಿನಲ್ಲಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತಲ್ಲ, ವಿಂಡೋಸ್ 11 ಹಾಕೋಣ ಅಂದರೆ ಆ ಮುದಿ ಮೆಷಿನ್ ಒಪ್ಪಲಿಲ್ಲ. ಹೊಸದು ತರಲು ಚಿಕ್ಕಮಗಳೂರಿಗೆ ಹೋದೆ.

ಅಂಗಡಿಯ ಹುಡುಗ ಹೊಸದರಲ್ಲಿ ನನ್ನ ಮೈಕ್ರೋಸಾಫ್ಟ್ ಅಕೌಂಟ್ ಹಾಕಿದ. ಸ್ವಲ್ಪ ಹೊತ್ತಿಗೆ ಡೆಸ್ಕ್‌ಟಾಪಿನ ಫೋಲ್ಡರುಗಳೆಲ್ಲ ಬಂದು ಕೂತವು. “ನೋಡಿ ಸಾರ್, ಎಲ್ಲಾ ಕ್ಲೌಡಲ್ಲೇ ಇದೆ. ಹಳೇದನ್ನ ಎಕ್ಸ್‌ಚೇಂಜಿಗೆ ಬಿಡಿ, ಇಲ್ಲೇ ಫಾರ್ಮ್ಯಾಟ್ ಮಾಡ್ತೀನಿ” ಅಂದ. ಒಂದೂವರೆ ಸಾವಿರ ಕಮ್ಮಿ ಆಗುತ್ತಲ್ಲ ಅಂತ ಹೂಂ ಅಂದೆ.

ಶನಿವಾರ ಬಟವಾಡೆ. ಆಳುಗಳು ಅಂಗಳದಲ್ಲಿ ಕಾಯುತ್ತಿದ್ದಾರೆ, ಚೆಕ್‌ರೋಲ್ ತೆರೆಯುತ್ತಿಲ್ಲ. ಫೈಲಿನ ಹೆಸರಿನ ಪಕ್ಕ ಒಂದು ಪುಟ್ಟ ನೀಲಿ ಮೋಡ. ಆ ಮೋಡ ಇದ್ದರೆ ಇರೋದು ಬರೀ ಹೆಸರು, ಒಳಗಿನದ್ದು ನೆಟ್‌ನಿಂದ ಇಳಿಯಬೇಕು. ನಮ್ಮಲ್ಲಿ ಜೋರಾಗಿ ಗಾಳಿ ಬೀಸಿದರೆ ಕರೆಂಟ್ ಹೋಗುತ್ತೆ, ಹಿಂದೆಯೇ ಟವರೂ ಹೋಗುತ್ತೆ. ಅವತ್ತು ತೋಟದ ಲೆಕ್ಕ ಬರೆಯೋ ರೈಟರ್ ಜೇಬಿನಲ್ಲಿದ್ದ ಮಡಚಿದ ನೋಟ್‌ಬುಕ್ಕೇ ಮಾನ ಉಳಿಸಿತು.

ನೆಟ್ ಬಂದ ಮೇಲೆ ಚೆಕ್‌ರೋಲ್ ಇಳಿಯಿತು. ಮಳೆ ಲೆಕ್ಕದ ಫೋಲ್ಡರ್ ಮಾತ್ರ ಎಲ್ಲೂ ಇಲ್ಲ. ಅದು ಹಳೇದರ ಡಿ ಡ್ರೈವ್‌ನಲ್ಲಿತ್ತು. ಒನ್‌ಡ್ರೈವ್ (ಹುಡುಗ ಹೇಳಿದ ಆ ಮೈಕ್ರೋಸಾಫ್ಟ್ ಕ್ಲೌಡ್) ಬ್ಯಾಕಪ್ ನೋಡಿಕೊಳ್ಳೋದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಥರದ ಫೋಲ್ಡರುಗಳನ್ನು. ಡಿ ಡ್ರೈವ್ ಕಡೆ ತಿರುಗಿಯೂ ನೋಡಲ್ಲ. ಅಪ್ಪ ಮಳೆಯನ್ನು ಇಂಚು, ಸೆಂಟು (ಇಂಚಿನ ನೂರನೇ ಒಂದು ಪಾಲು) ಅಂತ ಬರೆದಿಟ್ಟಿದ್ದನ್ನು ಎರಡು ಮಳೆಗಾಲ ಕೂತು ಟೈಪ್ ಮಾಡಿದ್ದೆ. ಆ ಪುಸ್ತಕಗಳನ್ನು ಗೆದ್ದಲು ಯಾವಾಗಲೋ ಮುಗಿಸಿದೆ. ಫೋಟೋಗಳಲ್ಲೂ ಅರ್ಧ ಇಲ್ಲ. ಪುಕ್ಕಟೆ ಸಿಗೋದು 5 ಜಿಬಿ, ಅದು ತುಂಬಿದ ಮೇಲೆ ಹೊಸದು ಹತ್ತುವುದಿಲ್ಲ. ಮೂಲೆಯಲ್ಲಿ ಎಚ್ಚರಿಕೆ ಗುರುತು ತಿಂಗಳುಗಟ್ಟಲೆ ಇತ್ತು. ಏನೋ ಜಾಹೀರಾತು ಅಂದುಕೊಂಡು ಸುಮ್ನಿದ್ದೆ.

ಅಂಗಡಿಗೆ ಫೋನ್ ಮಾಡಿದರೆ, “ನೀವೇ ಹೂಂ ಅಂದ್ರಲ್ಲ ಸಾರ್.” ಅಂದಿದ್ದೆ, ನಿಜ. ಹಳೇದು ಆಗಲೇ ಯಾರದೋ ಕೈ ಸೇರಿತ್ತು.

ಹೊಸದು ತಗೊಂಡರೆ ಹಳೇದನ್ನು ಒಂದು ತಿಂಗಳಾದರೂ ಮನೆಯಲ್ಲೇ ಇಟ್ಟುಕೊಳ್ಳಿ. ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಒತ್ತಿ. ಮೋಡ ಹೋಗಿ ಹಸಿರು ತುಂಬಿದ ವೃತ್ತದಲ್ಲಿ ಟಿಕ್ ಬರೋವರೆಗೂ ಕಾಯಿರಿ. ಆಮೇಲೆ ವೈಫೈ ಆಫ್ ಮಾಡಿ ಒಂದೆರಡು ಫೈಲ್ ತೆರೆಯಿರಿ. ಡಿ ಡ್ರೈವ್‌ನದ್ದನ್ನು ಬೇರೆ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ. ಜಾಗ ಸಾಲಲ್ಲ ಅಂತ ಒನ್‌ಡ್ರೈವ್ ಫೋಲ್ಡರಿನಿಂದ ಏನನ್ನೂ ಡಿಲೀಟ್ ಮಾಡಬೇಡಿ, ಕ್ಲೌಡಿನಿಂದಲೂ ಹೋಗುತ್ತೆ. ಹಳೇ ನುಡಿ ಫಾಂಟಿನ ಪತ್ರಗಳು ಹೊಸದರಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ ಗಾಬರಿ ಬೇಡ, ನುಡಿ ಹಾಕಿದರೆ ಸರಿಹೋಗುತ್ತೆ. ನಾನು ಅದಕ್ಕೂ ಒಂದು ರಾತ್ರಿ ನಿದ್ದೆ ಕೆಟ್ಟೆ.

ಈಗ ಪಕ್ಕದ ತೋಟದವರ ಮಳೆ ಪುಸ್ತಕ ಕೇಳಿ ತಂದು ನಕಲು ಮಾಡುತ್ತಿದ್ದೇನೆ. ಅವರದು ಗುಡ್ಡದ ಆ ಕಡೆ. ನಮಗಿಂತ ಮಳೆ ಜಾಸ್ತಿ.